ಇಳಿಯದಿರುವ ನಿರ್ಧಾರಕ್ಕೆ ಬೆಲೆ ತೆರುವವರು ಯಾರು?

ಮುಂಗಾರು ಕರಾವಳಿಗೆ ಕಾಲಿಟ್ಟ ಮೇಲೆ ಪತ್ರಿಕೆಗಳಲ್ಲಿ ಒಂದು ಸುದ್ದಿ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಮಂಗಳೂರಿನಲ್ಲಿ ಇಳಿಯಬೇಕಿದ್ದ ವಿಮಾನ ಮಳೆ, ಮೋಡಗಳ ಕಾರಣದಿಂದ ಬೆಂಗಳೂರಿಗೋ ಕಣ್ಣೂರಿಗೋ ತೆರಳಿತು, ಪ್ರಯಾಣಿಕರು ಪರದಾಡಿದರು ಎಂಬುದು ಅದರ ಸಾರಾಂಶ. ಸುದ್ದಿಯ ಧಾಟಿಯಲ್ಲಿ ದೂರು ಇರುತ್ತದೆ. ಆದರೆ ಆ ವಿಮಾನದಲ್ಲಿದ್ದವರೆಲ್ಲ ಸುರಕ್ಷಿತವಾಗಿ ನೆಲ ಮುಟ್ಟಿದರು ಎಂಬ ಅಂಶಕ್ಕೆ ಅದರಲ್ಲಿ ಜಾಗ ಸಿಗುವುದಿಲ್ಲ. ನಡೆಯದ ಅಪಘಾತ ಯಾವ ಲೆಕ್ಕದ ಪುಸ್ತಕಕ್ಕೂ ಸೇರುವುದಿಲ್ಲ. ಸಮಸ್ಯೆಯ ಬೇರು ಇಲ್ಲಿದೆ.

ಬಜ್ಪೆ–ಕೆಂಜಾರಿನ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದೆ. ಇಂಥ ರನ್‌ವೇಗಳನ್ನು 'ಟೇಬಲ್‌ಟಾಪ್' ಎನ್ನುತ್ತಾರೆ. ಅಂಚು ದಾಟಿದರೆ ಮುಂದಿರುವುದು ಕಣಿವೆ. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರ ಆಗಮನದೊಂದಿಗೆ ಆರಂಭವಾದ ಈ ನಿಲ್ದಾಣದ ಹಳೆಯ ರನ್‌ವೇ ಚಿಕ್ಕದು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಒದ್ದೆಯಾಗಿದ್ದ ಆ ರನ್‌ವೇಯ ಅಂಚನ್ನು ದಾಟಿ ನಿಂತಿತು. ಅದೃಷ್ಟವಶಾತ್ ಪ್ರಾಣಹಾನಿ ಆಗಲಿಲ್ಲ. ಆಗ ರಾಜ್ಯದ ಸಚಿವರಾಗಿದ್ದ ವೀರಪ್ಪ ಮೊಯಿಲಿ ಅವರೂ ಅದರಲ್ಲಿದ್ದರು. ಎರಡನೆಯ, ಹೆಚ್ಚು ಉದ್ದದ ರನ್‌ವೇ ಬಳಕೆಗೆ ಬಂದದ್ದು 2006ರಲ್ಲಿ.

ಮಳೆಗಾಲದಲ್ಲಿ ಪೈಲಟ್ ಎದುರಿಸುವ ಲೆಕ್ಕ ಸರಳ, ಪರಿಣಾಮ ಮಾತ್ರ ಘೋರ. ಬೆನ್ನ ಹಿಂದಿನಿಂದ ಹತ್ತು ನಾಟ್ ವೇಗದ ಗಾಳಿ ಬೀಸಿದರೆ, ಇಳಿದು ನಿಲ್ಲಲು ಬೇಕಾಗುವ ದೂರ ಐದನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಒದ್ದೆ ರನ್‌ವೇಗೆ ಶೇ 15ರಷ್ಟು ಹೆಚ್ಚುವರಿ ಉದ್ದ ಇರಬೇಕೆಂಬುದು ನಿಯಮ. ನೀರು ನಿಂತಿದ್ದರೆ ಚಕ್ರಗಳು ನೆಲದ ಹಿಡಿತ ತಪ್ಪಿ ನೀರಿನ ಪದರದ ಮೇಲೆ ತೇಲುತ್ತವೆ, ಬ್ರೇಕ್ ಒತ್ತಿದರೂ ಫಲ ಕಾಣುವುದಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ 2021ರ ನವೆಂಬರ್‌ನಿಂದ ಜಾರಿಗೆ ತಂದ ಪದ್ಧತಿಯಲ್ಲಿ ರನ್‌ವೇಯನ್ನು ಮೂರು ಭಾಗ ಮಾಡಿ ಪ್ರತಿಯೊಂದಕ್ಕೂ ಸೊನ್ನೆಯಿಂದ ಆರರವರೆಗೆ ಅಂಕ ನೀಡಲಾಗುತ್ತದೆ. ಒಣಗಿದ್ದರೆ ಆರು, ಬರೀ ಒದ್ದೆಯಾಗಿದ್ದರೆ ಐದು, ಮೂರು ಮಿಲಿಮೀಟರ್‌ಗಿಂತ ಹೆಚ್ಚು ನೀರು ನಿಂತಿದ್ದರೆ ಎರಡು. ಐದರಿಂದ ಎರಡಕ್ಕೆ ಇಳಿಯಲು ಕರಾವಳಿಯ ಒಂದು ಬಿರುಮಳೆ ಸಾಕು.

ಆದರೂ ಮಳೆಯೊಂದನ್ನೇ ದೂರುವುದು ಸರಿಯಲ್ಲ. 2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಕಣಿವೆಗೆ ಉರುಳಿ, 166 ಮಂದಿಯ ಪೈಕಿ 158 ಜನ ಸತ್ತಾಗ ಗಾಳಿ ಶಾಂತವಾಗಿತ್ತು, ರನ್‌ವೇ ಒಣಗಿತ್ತು, ಗೋಚರತೆ ಆರು ಕಿಲೊಮೀಟರ್ ಇತ್ತು. ಅಗತ್ಯಕ್ಕಿಂತ ಎತ್ತರದಲ್ಲಿ ಬಂದ ವಿಮಾನ 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವಂತೆ ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ, ಆ ಮಾತನ್ನು ಕ್ಯಾಪ್ಟನ್ ಕೇಳದಿದ್ದುದನ್ನೇ ನೇರ ಕಾರಣವೆಂದು ಗುರುತಿಸಿತು. ಮಂಗಳೂರಿನ ರಾಡಾರ್ ಎರಡು ದಿನಗಳಿಂದ ಕೆಟ್ಟಿದ್ದು, ಅದರಿಂದಾಗಿ ವಿಮಾನ ಕೆಳಗಿಳಿಯಲು ಅನುಮತಿ ತಡವಾದದ್ದೂ ವರದಿಯಲ್ಲಿದೆ.

ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು, ಅದೇ ಸಂಸ್ಥೆಯ ಮತ್ತೊಂದು ವಿಮಾನ ಮತ್ತೊಂದು ಟೇಬಲ್‌ಟಾಪ್ ನಿಲ್ದಾಣವಾದ ಕೋಯಿಕ್ಕೋಡ್‌ನಲ್ಲಿ ದುರಂತಕ್ಕೀಡಾಯಿತು. ಈ ಬಾರಿ ಮಳೆಯೂ ಇತ್ತು, ಬೆನ್ನ ಹಿಂದಿನ ಗಾಳಿಯೂ ಇತ್ತು. ಮೊದಲ ಯತ್ನ ಕೈಬಿಟ್ಟ ಪೈಲಟ್‌ಗಳು ವಿರುದ್ಧ ದಿಕ್ಕಿನಿಂದ ಇಳಿಯಲು ಬಂದರು. 8,858 ಅಡಿಯ ರನ್‌ವೇಯ ಅರ್ಧದಷ್ಟು ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಪೈಲಟ್‌ಗಳಿಬ್ಬರೂ ಸೇರಿ 21 ಮಂದಿ ಸತ್ತರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಕೋಯಿಕ್ಕೋಡ್ ವರದಿಯ ಒಂದು ಅಂಶ ಎಲ್ಲಕ್ಕಿಂತ ಮುಖ್ಯವೆನಿಸಿತು. ಆ ಕೇಂದ್ರದಲ್ಲಿ ಸಂಸ್ಥೆಗೆ 26 ಸಹ ಪೈಲಟ್‌ಗಳಿದ್ದರು, ಕ್ಯಾಪ್ಟನ್ ಮಾತ್ರ ಒಬ್ಬರೇ. ಮರುದಿನ ಬೆಳಗಿನ ವಿಮಾನವನ್ನೂ ಅವರೇ ಹಾರಿಸಬೇಕಿತ್ತು. ಬೇರೆ ಊರಿನಲ್ಲಿ ಇಳಿದರೆ ಆ ಹಾರಾಟ ಕೈತಪ್ಪುತ್ತಿತ್ತು. ಅಲ್ಲಿಯೇ ಇಳಿಯಬೇಕೆಂಬ ಒತ್ತಾಸೆಗೆ ಇದೂ ಕಾರಣವಾಯಿತೆಂದು ತನಿಖೆ ಹೇಳಿದೆ. ಅಂದರೆ ಯಾವುದೋ ಕಚೇರಿಯಲ್ಲಿ ಉಳಿಸಿದ ಸಿಬ್ಬಂದಿ ವೆಚ್ಚದ ಭಾರ ಮಳೆಯ ರಾತ್ರಿಯಲ್ಲಿ ಕಾಕ್‌ಪಿಟ್‌ನಲ್ಲಿ ಕುಳಿತ ಒಬ್ಬ ಮನುಷ್ಯನ ತಲೆಯ ಮೇಲೆ ಬಿದ್ದಿತ್ತು.

ತೆಂಗಿನ ಸೀಮೆಯ ಬಿಳಿಗೆರೆಯಲ್ಲಿ ನಿವೃತ್ತ ಜೀವನ ನಡೆಸುತ್ತಿರುವ ನನಗೆ ಈ ತರ್ಕ ಹೊಸದಲ್ಲ. ಮರಕ್ಕಿಷ್ಟು ಎಂದು ಕೂಲಿ ಗೊತ್ತುಮಾಡಿದರೆ, ಜಿನುಗು ಮಳೆಯಲ್ಲಿ ಬೊಡ್ಡೆ ಜಾರುತ್ತಿದ್ದರೂ ಕಾಯಿ ಕೀಳುವವನು ಮರ ಹತ್ತುತ್ತಾನೆ. ಮಳೆ ಬಂದು ಕೆಲಸ ನಿಂತರೂ ದಿನಗೂಲಿ ಕೊಡುತ್ತೇನೆಂದು ತೋಟದ ಯಜಮಾನ ಮಾತು ಕೊಟ್ಟರೆ ಕೆಳಗೇ ಉಳಿಯುತ್ತಾನೆ. ಧೈರ್ಯ, ಅನುಭವಗಳು ಎರಡೂ ಸಂದರ್ಭಗಳಲ್ಲಿ ಒಂದೇ. ಬದಲಾದದ್ದು ನಿರ್ಧಾರದ ಬೆಲೆಯನ್ನು ತೆರುವವರು.

ಇಳಿಯದೆ ಮೇಲೇರಿದ ಪೈಲಟ್ಟನ್ನು ದೂಷಿಸಬಾರದೆಂಬ ತತ್ವವನ್ನು ವಿಮಾನಯಾನ ಕ್ಷೇತ್ರ ಒಪ್ಪಿಕೊಂಡಿದೆ. ಸುತ್ತೋಲೆ ಬಂದ ಮಾತ್ರಕ್ಕೆ ರೂಢಿ ಬದಲಾಗುವುದಿಲ್ಲ ಎಂಬುದು ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ನಾನು ಕಂಡ ಸತ್ಯ. ಇಂಧನದ ಲೆಕ್ಕ, ವೇಳಾಪಟ್ಟಿ, ಪ್ರಯಾಣಿಕರ ಸಿಟ್ಟು, ವಿಮಾನದಲ್ಲಿರುವ ಗಣ್ಯರ ಅಸಮಾಧಾನ ಇವೆಲ್ಲ ಬರೆದಿಡದ ಸುತ್ತೋಲೆಗಳು. ಅವುಗಳ ಪ್ರಭಾವವನ್ನು ತಗ್ಗಿಸಲು ಮೂರು ಕ್ರಮಗಳು ಅಗತ್ಯ.

ಮೊದಲನೆಯದಾಗಿ, ಟೇಬಲ್‌ಟಾಪ್ ನಿಲ್ದಾಣಗಳಲ್ಲಿ ಎಷ್ಟು ವಿಮಾನಗಳು ಇಳಿಯದೆ ಮೇಲೇರಿದವು, ಎಷ್ಟು ಬೇರೆಡೆಗೆ ಹೋದವು ಎಂಬ ಅಂಕಿಅಂಶವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪ್ರತಿ ಮುಂಗಾರಿನ ಕೊನೆಗೆ ಪ್ರಕಟಿಸಲಿ. ಆ ಸಂಖ್ಯೆಯನ್ನು ಸುರಕ್ಷತೆಯ ಸಾಧನೆಯಾಗಿ ಓದಲು ಜನರೂ ಕಲಿಯಬೇಕು. ಎರಡನೆಯದಾಗಿ, ರಾಡಾರ್, ಗಾಳಿ ಮತ್ತು ಗೋಚರತೆ ಅಳೆಯುವ ಉಪಕರಣಗಳು ಎಷ್ಟು ಗಂಟೆ ಕೆಲಸ ಮಾಡಲಿಲ್ಲ, ರನ್‌ವೇಯಲ್ಲಿ ಎಷ್ಟು ಬಾರಿ ನೀರು ನಿಂತಿತು ಎಂಬ ಲೆಕ್ಕವೂ ಬಹಿರಂಗವಾಗಲಿ. ಮಂಗಳೂರು ನಿಲ್ದಾಣದ ನಿರ್ವಹಣೆ 2020ರ ಅಕ್ಟೋಬರ್‌ನಲ್ಲಿ ಖಾಸಗಿ ಸಂಸ್ಥೆಯ ಕೈ ಸೇರಿರುವುದರಿಂದ ಈ ಹೊಣೆಗಾರಿಕೆ ಮತ್ತಷ್ಟು ಸ್ಪಷ್ಟವಾಗಬೇಕು. ಮೂರನೆಯದಾಗಿ, ಮಳೆಗಾಲದಲ್ಲಿ ಮೀಸಲು ಸಿಬ್ಬಂದಿಯನ್ನು ಇರಿಸಿಕೊಳ್ಳುವುದು ಮತ್ತು ಬೇರೆಡೆ ಇಳಿದ ಪ್ರಯಾಣಿಕರನ್ನು ಊರು ಸೇರಿಸುವುದು ಸಂಸ್ಥೆಗಳಿಗೆ ಕಡ್ಡಾಯವಾಗಲಿ. ಪ್ರಯಾಣಿಕರ ಪರದಾಟ ತಗ್ಗಿದರೆ ಪೈಲಟ್ ಮೇಲಿನ ಒತ್ತಡವೂ ತಗ್ಗುತ್ತದೆ.

ಇವುಗಳಿಗೆ ಹಣ ಬೇಕು. ಟಿಕೆಟ್ ದರ ತುಸು ಏರಬಹುದು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ಮರಳುವ ಸಾಮಾನ್ಯ ಕುಟುಂಬಗಳಿಗೆ ಅದು ಹೊರೆಯೇ. ಆದರೆ 2010ರಲ್ಲಿ ಜೀವ ತೆತ್ತವರಲ್ಲಿ ಬಹುಮಂದಿ ಇಂಥ ಕುಟುಂಬಗಳವರೇ ಆಗಿದ್ದರು. ಮುಂದಿನ ಮಳೆಗಾಲದಲ್ಲಿ ಮಂಗಳೂರಿಗೆ ಬಂದ ವಿಮಾನವೊಂದು ಬೆಂಗಳೂರಿನತ್ತ ತಿರುಗಿದಾಗ, ಆ ಪೈಲಟ್‌ನಿಂದ ವಿವರಣೆ ಕೇಳುವ ಮೊದಲು ಸಂಸ್ಥೆಯೂ ಸರ್ಕಾರವೂ ಈ ಸಂಗತಿಯನ್ನು ನೆನೆಯಬೇಕು.