‘ಆಮೇಲೆ’ ಅಂದರೆ ‘ಬೇಡ’ ಅಲ್ಲ

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಲೇಖನಗಳ ನೆತ್ತಿಯ ಮೇಲೆ ‘ಸಂಪಾದಿಸಿ’ ಎಂಬ ಪದ ಸುಮ್ಮನೆ ಕೂತಿರುತ್ತದೆ. ಕರೆಯುವುದಕ್ಕೆ ಅಷ್ಟು ಸಾಲದೇ? ಗೂಗಲ್ ಮ್ಯಾಪ್ಸ್‌ಗೆ ಸಾಲದು. ಹೋಟೆಲಿನಿಂದ ಹೊರಬಿದ್ದವರಿಗೆ ಊಟ ಹೇಗಿತ್ತು ಹೇಳಿ, ಫೋಟೋ ಹಾಕಿ ಎಂದು ಗಂಟುಬೀಳುತ್ತದೆ. ಇದನ್ನು ನಿಲ್ಲಿಸಬಹುದು, ನಿಜ. ಸೆಟ್ಟಿಂಗ್ಸ್ ಒಳಗೆ ಹುಡುಕಿಕೊಂಡು ಹೋಗಬೇಕು. ಕೇಳಿದ ಜಾಗದಲ್ಲೇ ‘ಇನ್ನೆಂದೂ ಕೇಳಬೇಡ’ ಎನ್ನಲು ಒಂದು ಗುಂಡಿ ಇಟ್ಟರೆ ಇವರ ಗಂಟೇನು ಹೋಗುತ್ತದೆ?

ಕೇಳದಿದ್ದರೆ ಹೊಸಬರು ಬರೆಯುವುದಿಲ್ಲ ಎನ್ನುತ್ತಾರೆ. ಇರಬಹುದು, ಒಂದು ಸಲ ಕೇಳಲಿ. ಕಾಟ ತಾಳದೆ ಗೀಚಿದ ‘ಚೆನ್ನಾಗಿದೆ’ಯಿಂದ ಯಾರಿಗೆ ಉಪಯೋಗ? ತಮ್ಮೂರ ಕೆರೆಯ ಹೆಸರು ತಪ್ಪಾಗಿರುವುದು ಕಂಡರೆ ಓದುಗರು ಯಾರೂ ಹೇಳದೆಯೇ ತಿದ್ದುತ್ತಾರೆ. ಅದು ಕಾಣುವಷ್ಟು ಹೊತ್ತು ಅವರನ್ನು ನೆಮ್ಮದಿಯಾಗಿ ಓದಲು ಬಿಡಿ.