ಒಡೆದರೆ ಯಾರು ಕೊಡುತ್ತಾರೆ?

ಒಂದು ಸೀರೆ ಕೊಳ್ಳಲು ನಾವು ಮೂರು ಅಂಗಡಿ ಹತ್ತಿಳಿಯುತ್ತೇವೆ. ಸೆರಗು ಬಿಡಿಸಿ ನೋಡಿ, ಬಣ್ಣ ಹೋಗುತ್ತದೆಯೇ ಎಂದು ಕೇಳುತ್ತೇವೆ. ಆದರೆ ಇಡೀ ಸಂಸಾರವನ್ನು ಗುರುತಿಲ್ಲದವರ ಲಾರಿಗೆ ಏರಿಸುವಾಗ ಕೇಳುವುದು ಒಂದೇ ಪ್ರಶ್ನೆ: "ಎಷ್ಟಾಗುತ್ತದೆ?"

ನಮ್ಮ ನಾರಾವಿಯಲ್ಲಿ ಬೆಂಗಳೂರು, ಮುಂಬಯಿಯ ಮಕ್ಕಳಿಗೆ ಸಾಮಾನು ಕಳುಹಿಸದ ಮನೆ ಕಡಿಮೆ. ಕುಚ್ಚಲಕ್ಕಿ, ಹಲಸಿನ ಹಪ್ಪಳದ ಚಿಕ್ಕ ಕಟ್ಟಾದರೆ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟರಾಯಿತು. ಮುಖಪರಿಚಯವೇ ಅಲ್ಲಿ ರಶೀದಿ. ನಾಳೆ ಅದೇ ಬಸ್ಸು ಇಲ್ಲಿಗೇ ಬರಬೇಕಲ್ಲ! ಮನೆ ಸಾಗಿಸುವ ಲಾರಿ ಹಾಗಲ್ಲ, ಹೋದದ್ದು ಮತ್ತೆ ಬರುವುದಿಲ್ಲ.

ಮೂರು ವರ್ಷದ ಹಿಂದೆ ಮಗಳ ಸಂಸಾರ ಬೆಂಗಳೂರಿಗೆ ಹೊರಟಿತು. ಮೂವರು ದರ ಹೇಳಿದರು. ಜಗಲಿಯಲ್ಲಿದ್ದ ಗಂಡಸರು ಕಡಿಮೆ ಹೇಳಿದವರನ್ನೇ ಒಪ್ಪಿದರು. ಒಳಗೆ ಪಾತ್ರೆ ಕಟ್ಟುತ್ತಿದ್ದ ನಮ್ಮನ್ನು ಯಾರೂ ಕೇಳಲಿಲ್ಲ. ನಾವೂ ಎದ್ದು ಬರಲಿಲ್ಲ. ಅತ್ತೆಯವರ ಕಾಲದ ಕನ್ನಡಿ ಕಪಾಟು ಚೂರಾಗಿ ತಲುಪಿತು. ವಿಚಾರಿಸಿದರೆ ರಶೀದಿಯ ಹಿಂಬದಿ ತೋರಿಸಿದರು: ಹಾನಿಗೆ ಮಾಲಿನ ಒಡೆಯರೇ ಹೊಣೆ. ಕೆಳಗೆ ನನ್ನದೇ ಸಹಿ! "ಪ್ರಶ್ನೆ ಪೂರ್ತಿ ಓದಿ ಉತ್ತರ ಬರೆಯಿರಿ" ಎಂದು ಮಕ್ಕಳಿಗೆ ಹೇಳುತ್ತಲೇ ತಲೆ ನರೆತವಳು ನಾನು.

ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಮೇಲೆ ಕಾಯಿದೆ ಓದಿದೆ. 2007ರ ರಸ್ತೆ ಸಾಗಣೆ ಕಾಯಿದೆಯಂತೆ, ಪ್ರಕೃತಿ ವಿಕೋಪ, ಯುದ್ಧದಂಥ ಕೆಲವು ಕಾರಣ ಬಿಟ್ಟರೆ ದಾರಿಯಲ್ಲಾದ ನಷ್ಟಕ್ಕೆ ಸಾಗಣೆದಾರರೇ ಹೊಣೆ. ಆದರೆ ಹೆಚ್ಚಿನ ಹೊಣೆಯ ದರ ಕಟ್ಟಲು ಮೊದಲೇ ಒಪ್ಪದಿದ್ದರೆ, 2011ರ ನಿಯಮದಂತೆ ಸಿಗುವ ಪರಿಹಾರ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ; ನಾವು ಬರೆದುಕೊಟ್ಟ ಮೌಲ್ಯವನ್ನೂ ಅದು ಮೀರದು. ಮೌಲ್ಯದ ಜಾಗವನ್ನೇ ಖಾಲಿ ಬಿಡುವವರು ನಾವು! ದಾವೆ ಹೂಡುವುದಾದರೆ ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು.

ಸಾಗಣೆಯವರೆಲ್ಲ ಮೋಸಗಾರರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದರವನ್ನೇ ನೋಡುವ ಗಿರಾಕಿಗೆ ಅವರು ದರವನ್ನೇ ಇಳಿಸಿಕೊಡುತ್ತಾರೆ. ಇಳಿದ ದುಡ್ಡು ಎಲ್ಲಿಂದ ಬರಬೇಕು? ನಾಲ್ಕು ಆಳಿನ ಕೆಲಸಕ್ಕೆ ಇಬ್ಬರು ಬರುತ್ತಾರೆ. ಕಪಾಟಿಗೆ ಸುತ್ತಬೇಕಾದ ಗೋಣಿ ಬರುವುದೇ ಇಲ್ಲ. ಉಳಿಸಿದೆವು ಎಂದು ಜಗಲಿಯಲ್ಲಿ ಹಿಗ್ಗುವವರಿಗೆ ಇದು ತಿಳಿಯದು. ಯಾವ ಪೆಟ್ಟಿಗೆಯಲ್ಲಿ ಏನಿದೆ, ಯಾವುದು ಒಡೆದರೆ ಮತ್ತೆ ಸಿಗದು ಎಂದು ಬಲ್ಲವರು ನಾವು. ಹಾಗಿದ್ದ ಮೇಲೆ ಇದು ಗಂಡಸರ ವ್ಯವಹಾರ ಹೇಗಾದೀತು?

ಮುಂದಿನ ಸಲ ಜಗಲಿಯಲ್ಲಿ ದರದ ಮಾತು ನಡೆಯುವಾಗ ಒಳಗೆ ಕುಳಿತಿರಬೇಡಿ. ಸಾಮಾನಿನ ಪಟ್ಟಿ ಹಿಡಿದು ಹೊರಗೆ ಬನ್ನಿ. "ಎಷ್ಟು" ಎಂಬುದನ್ನು ಅವರು ಕೇಳಲಿ. "ಒಡೆದರೆ ಯಾರು ಕೊಡುತ್ತಾರೆ?" ಎಂದು ನೀವು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.