ಶಾಲೆಯಲ್ಲಿ ಕೊಟ್ಟ ಚೀಟಿ ಬ್ಯಾಗಿನಲ್ಲೇ ಉಳಿದರೆ?

ಶಿವಾಜಿನಗರ, ಹಲಸೂರು, ಕೆ.ಆರ್.ಪುರದ ಕಡೆ ಬೇಕರಿ, ಹೋಟೆಲು, ಜ್ಯೂಸ್ ಅಂಗಡಿ ನಡೆಸುವ ನಮ್ಮವರ ಮನೆಗಳ ಬೆಳಗ್ಗೆ ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ತಂದೆ ನಸುಕಿನಲ್ಲೇ ಅಂಗಡಿಗೆ. ಮಕ್ಕಳು ಚಹಾ ಕುಡಿದು, ಎರಡು ಬಿಸ್ಕತ್ತು ತಿಂದು ಮದ್ರಸಕ್ಕೆ, ಅಲ್ಲಿಂದ ಶಾಲೆಗೆ. ಹನ್ನೊಂದು ಗಂಟೆಗೆ ಹುಡುಗಿ ಬೆಂಚಿನ ಮೇಲೆ ತಲೆಯಿಟ್ಟರೆ ಟೀಚರ್ ಸೋಮಾರಿ ಅನ್ನುತ್ತಾರೆ. ಮಾರ್ಕ್ಸ್ ಕಡಿಮೆಯಾದರೆ ನಾವು ಮೊಬೈಲಿಗೆ ಬಯ್ಯುತ್ತೇವೆ. ಅವಳ ಮೈಯಲ್ಲಿ ರಕ್ತ ಎಷ್ಟಿದೆ ಅಂತ ಯಾರೂ ಕೇಳುವುದಿಲ್ಲ.

ಇದು ಒಂದೆರಡು ಮನೆಯ ಕತೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಾದರೆ ಸುಸ್ತು, ತಲೆಸುತ್ತು. ಪಾಠ ತಲೆಗೆ ಹತ್ತುವುದಿಲ್ಲ.

ಸರ್ಕಾರ ಸುಮ್ಮನೆ ಕೂತಿದೆ ಎನ್ನುವಂತಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರು, ನರ್ಸ್, ಫಾರ್ಮಸಿಸ್ಟ್ ಇರುವ ಸಂಚಾರಿ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ಕಣ್ಣು, ಕಿವಿ, ಹಲ್ಲು, ಹೃದಯ ಎಲ್ಲ ನೋಡಬೇಕು. ತೊಂದರೆ ಕಂಡರೆ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ, ಚಿಕಿತ್ಸೆ ಉಚಿತ. ವಾರಕ್ಕೊಂದು ಕಬ್ಬಿಣದ ಮಾತ್ರೆ, ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆಯೂ ಉಂಟು.

ಆದರೆ ಎರಡು ಕಡೆ ದಾರಿ ತಪ್ಪುತ್ತದೆ. ಮೊದಲನೆಯದು, ಈ ತಂಡ ಹೋಗುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ನಮ್ಮಲ್ಲಿ ಬಹಳಷ್ಟು ಮಂದಿ ಸಾಲ ಮಾಡಿಯಾದರೂ ಮಕ್ಕಳನ್ನು ಹಾಕುವುದು ಗಲ್ಲಿಯ ಸಣ್ಣ ಇಂಗ್ಲಿಷ್ ಮೀಡಿಯಂ ಖಾಸಗಿ ಶಾಲೆಗೆ. ಅಲ್ಲಿ ಆಡಳಿತ ಮಂಡಳಿ ತಾನಾಗಿ ಮಾಡಿಸಿದರೆ ಮಾತ್ರ ತಪಾಸಣೆ. ಎರಡನೆಯದು, ಚೀಟಿ ಸಿಕ್ಕ ಮೇಲಿನ ಕತೆ. ತಂದೆಗೆ ಅಂಗಡಿ ಬಿಟ್ಟು ಬರಲಿಕ್ಕಾಗುವುದಿಲ್ಲ. ಊರಿಂದ ಬಂದ ತಾಯಿಗೆ ಬೌರಿಂಗ್ ಆಸ್ಪತ್ರೆಯಲ್ಲಿ ಯಾವ ಕೌಂಟರಿಗೆ ಹೋಗಬೇಕೆಂದು ತಿಳಿಯದು. ಚೀಟಿ ಬ್ಯಾಗಿನಲ್ಲೇ ಉಳಿಯುತ್ತದೆ.

ಶಾಲಾ ನರ್ಸ್ ಬೇಕಾಗುವುದು ಇಲ್ಲೇ. 1902ರಲ್ಲಿ ನ್ಯೂಯಾರ್ಕಿನಲ್ಲೂ ಹೀಗೇ ಆಗಿತ್ತು. ವೈದ್ಯರು ಬಂದು ಕಣ್ಣುಬೇನೆ, ಹೇನು, ಕಜ್ಜಿ ಇದ್ದ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು. ಮನೆಗೆ ಹೋದವರು ಚಿಕಿತ್ಸೆಯಿಲ್ಲದೆ ಅಲ್ಲೇ ಉಳಿಯುತ್ತಿದ್ದರು. ಆಗ ಲೀನಾ ರೋಜರ್ಸ್ ಎಂಬ ಒಬ್ಬ ನರ್ಸ್‌ಗೆ ನಾಲ್ಕು ಶಾಲೆ ವಹಿಸಿದರು. ಅವರು ಶಾಲೆಯಲ್ಲೇ ಮದ್ದು ಹಚ್ಚಿದರು, ಮನೆಮನೆಗೆ ಹೋಗಿ ತಾಯಂದಿರಿಗೆ ತಿಳಿಸಿ ಹೇಳಿದರು. ಮಕ್ಕಳು ತರಗತಿಗೆ ಮರಳಿದರು. ಕೆಲಸ ಫಲ ಕೊಟ್ಟದ್ದರಿಂದ ನಗರ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿತು.

ನಮ್ಮಲ್ಲಿ 2020ರಿಂದ ಆಯುಷ್ಮಾನ್ ಭಾರತದಡಿ ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ತರಬೇತಿಗೊಳಿಸುವ ಯೋಜನೆಯಿದೆ. ಒಳ್ಳೆಯದೇ. ಆದರೆ ಪಾಠ, ಪರೀಕ್ಷೆ, ಸಮೀಕ್ಷೆಗಳ ನಡುವೆ ಶಿಕ್ಷಕರು ನರ್ಸ್ ಆಗಲಾರರು. ಆಸ್ತಮಾದ ಇನ್ಹೇಲರ್, ಸಕ್ಕರೆ ಕಾಯಿಲೆಯ ಮಗುವಿನ ಇನ್ಸುಲಿನ್, ಹುಡುಗಿಯರು ಟೀಚರ್ ಹತ್ತಿರವೂ ಹೇಳಿಕೊಳ್ಳದ ಮುಟ್ಟಿನ ನೋವು, ಇದಕ್ಕೆಲ್ಲ ತಿಳಿದವರೊಬ್ಬರು ಬೇಕು.

ಪ್ರತಿ ಶಾಲೆಗೊಬ್ಬರನ್ನು ಇಡುವ ಶಕ್ತಿ ಇಲ್ಲ ಎನ್ನುವ ಆಡಳಿತ ಮಂಡಳಿಗಳು ನಾಲ್ಕು ಶಾಲೆ ಸೇರಿ ಒಬ್ಬರನ್ನು ನೇಮಿಸಬಹುದಲ್ಲ? ಮಂಗಳೂರಿನಲ್ಲಿ ನರ್ಸಿಂಗ್ ಓದಿದ ನಮ್ಮದೇ ಹೆಣ್ಣುಮಕ್ಕಳಿದ್ದಾರೆ. ಬ್ಯಾರಿ ಭಾಷೆಯಲ್ಲಿ ತಾಯಂದಿರ ಜೊತೆ ಮಾತಾಡಬಲ್ಲವರು ಅವರು. ಜಮಾಅತ್‌ಗಳು, ಸಂಘಗಳು ಸ್ಕಾಲರ್‌ಶಿಪ್ಪಿನ ಜೊತೆ ಈ ಸಂಬಳಕ್ಕೂ ಒಂದಿಷ್ಟು ತೆಗೆದಿಟ್ಟರೆ ಹಣ ವ್ಯರ್ಥವಾಗದು.

ಮನೆಯಲ್ಲೂ ಕೆಲಸವಿದೆ. ಕಬ್ಬಿಣದ ಮಾತ್ರೆಯ ಜೊತೆ ಚಹಾ ಕೊಡಬೇಡಿ, ಮೈಗೆ ಹಿಡಿಯುವುದಿಲ್ಲ. ಮದ್ರಸದಿಂದ ಶಾಲೆಗೆ ಹೋಗುವ ಮೊದಲು ಮಗು ಹೊಟ್ಟೆತುಂಬ ತಿನ್ನಲಿ. "ಹುಡುಗಿಗೆ ಕಾಯಿಲೆ ಅಂತ ಗೊತ್ತಾದರೆ ನಾಳೆ ಸಂಬಂಧ ಬರಲಿಕ್ಕಿಲ್ಲ" ಎಂಬ ಹೆದರಿಕೆಯಿಂದ ತಪಾಸಣೆ ತಪ್ಪಿಸುವುದೂ ನಮ್ಮಲ್ಲಿದೆ. ಮುಚ್ಚಿಟ್ಟ ರಕ್ತಹೀನತೆ ಮದುವೆಯಾದ ಮೇಲೆ ಹೆರಿಗೆಯ ಹೊತ್ತಿಗೆ ಜೀವಕ್ಕೇ ಕುತ್ತು ತರಬಹುದು.

ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಮಾರ್ಕ್ಸ್ ಕೇಳುವ ಮೊದಲು ಇದನ್ನು ಕೇಳೋಣ: ಈ ವರ್ಷ ತಪಾಸಣೆ ಆಯಿತಾ? ನಮ್ಮ ಮಗುವಿಗೆ ಚೀಟಿ ಏನಾದರೂ ಕೊಟ್ಟಿದ್ದೀರಾ? ಮನೆಗೆ ಬಂದು ಬ್ಯಾಗನ್ನೂ ಒಮ್ಮೆ ನೋಡೋಣ.